ಹಳೆಯ ಹರಿಗೋಲಿನ ವ್ಯಾಪಾರ

ರಾಯಚೂರು ಎಂದೊಡನೆ ನಮ್ಮ ಇತಿಹಾಸ ಗ್ರಂಥಗಳು ಕೋಟೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. 1294ರ ಶಾಸನವನ್ನು ಹೊತ್ತ, 40 ಅಡಿಗೂ ಮಿಕ್ಕ ಉದ್ದದ ಆ ಕಲ್ಲು. ಅದನ್ನು ಬಂಡಿಯ ಮೇಲಿಟ್ಟು ಕೋಣಗಳಿಂದ ಎಳೆಸಿ ತಂದುದನ್ನು ತೋರಿಸುವ ಗೋಡೆಯ ಚಿತ್ರ. ಆಮೇಲೆ ಬಹಮನಿ ಸುಲ್ತಾನರು, ವಿಜಯನಗರದ ಅರಸರು, 1520ರ ಕದನ. ಎರಡು ನದಿಗಳ ನಡುವಿನ ನೆಲಕ್ಕಾಗಿ ಇಷ್ಟು ರಕ್ತ ಹರಿಯಿತೆಂದು ಹೇಳುವ ಗ್ರಂಥಗಳು, ಆ ಎರಡು ನದಿಗಳನ್ನು ಜನ ದಾಟುತ್ತಿದ್ದುದಾದರೂ ಹೇಗೆ ಎಂಬ ಪ್ರಶ್ನೆಯನ್ನು ಕೇಳುವುದು ಅಪರೂಪ. ಕಲ್ಲು ಉಳಿಯಿತು, ಬಿದಿರೂ ತೊಗಲೂ ಉಳಿಯಲಿಲ್ಲ. ಉಳಿಯದ ವಸ್ತುವಿಗೆ ಚರಿತ್ರೆಯಲ್ಲಿ ಸ್ಥಳ ಸಿಗುವುದು ಕಷ್ಟ.

ಉತ್ತರಕ್ಕೆ ಕೃಷ್ಣೆ, ದೇವದುರ್ಗದ ಸೀಮೆಯನ್ನು ಸವರಿಕೊಂಡು ರಾಯಚೂರಿನ ಕಡೆಗೆ ಬರುತ್ತಾಳೆ. ದಕ್ಷಿಣಕ್ಕೆ ತುಂಗಭದ್ರೆ, ಮಾನ್ವಿಯ ಹಳ್ಳಿಗಳ ಅಂಚಿನಲ್ಲಿ ಹರಿದು ಮಂತ್ರಾಲಯದತ್ತ ಸಾಗುತ್ತಾಳೆ. ಎರಡೂ ಹೊಳೆಗಳಲ್ಲಿ ಬಂಡೆ ಬಹಳ, ಬೇಸಗೆಯಲ್ಲಿ ನೀರು ಕಡಿಮೆ, ಮಳೆಗಾಲದಲ್ಲಿ ಸೆಳೆತ ಭಯಂಕರ. ಕರಾವಳಿಯ ಉದ್ದನೆಯ ದೋಣಿಗೆ ಇಲ್ಲಿ ಕೆಲಸವಿಲ್ಲ. ಒಂದು ಬಂಡೆಗೆ ತಗುಲಿದರೆ ಹಲಗೆ ಸೀಳಿಹೋದೀತು. ಇಲ್ಲಿಗೆ ಒಪ್ಪಿದ್ದು ಬುಟ್ಟಿ. ಗುಂಡಗಿನ, ಚಪ್ಪಟೆ ತಳದ, ಗೇಣುದ್ದ ನೀರಿನಲ್ಲೂ ತೇಲುವ, ಬಂಡೆಗೆ ತಗುಲಿದರೆ ಬಗ್ಗಿ ಜಾರಿಕೊಳ್ಳುವ ಹರಿಗೋಲು. ಕೆಲವು ಕಡೆ ಇದನ್ನೇ ತೆಪ್ಪವೆನ್ನುತ್ತಾರೆ. ತೆಲುಗರು ಪುಟ್ಟಿ ಎನ್ನುತ್ತಾರೆ.

ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡೆಗೆ ಹೊಳೆ ದಾಟಿಸುವ ಈ ದೋಣಿಗಳನ್ನು ಕಂಡು ಬೆರಗಾದನು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಯುವಷ್ಟು ಅಗಲ. ನೇರ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುತ್ತವೆ ಎಂದು ಅವನು ಬರೆದಿಟ್ಟಿದ್ದಾನೆ. ಈ ನಾಡಿನ ಹೊಳೆಗಳಲ್ಲಿ ಇವನ್ನು ಬಿಟ್ಟರೆ ಬೇರೆ ದೋಣಿಯೇ ಇಲ್ಲವೆಂಬ ಮಾತನ್ನೂ ಸೇರಿಸುತ್ತಾನೆ. ಅದೇ ಕಾಲದ ರಾಯಚೂರಿನ ಯುದ್ಧವನ್ನು ಫೆರಿಷ್ತಾ ವರ್ಣಿಸುವ ರೀತಿಯನ್ನು ನೋಡಿ: ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆಯ ದಡದಲ್ಲಿ ಬೀಡುಬಿಟ್ಟಿದ್ದಾನೆ, ಸೈನ್ಯ ದಾಟಿಸಲು ಬೇಕಾದಷ್ಟು ದೋಣಿ ಇನ್ನೂ ಸಿದ್ಧವಾಗಿಲ್ಲ, ಮದ್ಯದ ಅಮಲಿನಲ್ಲಿ ಆನೆಯೇರಿ ನೀರಿಗಿಳಿಯುತ್ತಾನೆ. ದಾಟಿದವರು ಸೋತು ಹಿಂದಿರುಗುವಾಗ ಹೊಳೆಯ ಪಾಲಾದವರು ಅಸಂಖ್ಯ. ಬುಟ್ಟಿ ಹೆಣೆಯುವವರಿಗೆ ಇನ್ನಷ್ಟು ದಿನಗಳ ಅವಕಾಶ ಸಿಕ್ಕಿದ್ದರೆ ದಖ್ಖನಿನ ಚರಿತ್ರೆ ಬೇರೆಯಾಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಅರಸರ ನಿರ್ಧಾರಗಳು ಮೇದಾರನ ಕತ್ತಿಯ ವೇಗವನ್ನು ಅವಲಂಬಿಸಿದ್ದ ಗಳಿಗೆಗಳೂ ಇದ್ದವು. ಇದನ್ನು ಚೆನ್ನಾಗಿ ಅರಿತಿದ್ದವನು ಆರ್ಥರ್ ವೆಲ್ಲೆಸ್ಲಿ. 1803ರ ಮರಾಠಾ ಯುದ್ಧದಲ್ಲಿ, ತುಂಬಿದ ಹೊಳೆಗಳನ್ನು ದಾಟಲು ಅವನು ಮುಂಚೆಯೇ ಬುಟ್ಟಿದೋಣಿಗಳನ್ನು ಮಾಡಿಸಿಟ್ಟುಕೊಂಡನು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಹರಿಗೋಲನ್ನು ಕಟ್ಟುವ ಕಲೆಯನ್ನು ಕುರಿತು ಅಷ್ಟಿಷ್ಟು ಬರವಣಿಗೆ ಇದೆ. ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿಯೇ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ ಲೇಖನ ಬರೆದನು. ಆದರೆ ಒಮ್ಮೆ ಕಟ್ಟಿದ ಹರಿಗೋಲು ಹಳತಾದ ಮೇಲೆ ಏನಾಗುತ್ತದೆ? ಯಾರು ಕೊಳ್ಳುತ್ತಾರೆ, ಹೇಗೆ ದುರಸ್ತಿ ಮಾಡುತ್ತಾರೆ, ಮತ್ತೆ ಯಾರಿಗೆ ಮಾರುತ್ತಾರೆ? ಈ ಎರಡನೆಯ ಬಾಳಿನ ಕಥೆಯೇ ನನಗೆ ಹೆಚ್ಚು ಕುತೂಹಲದ್ದಾಗಿ ತೋರಿದೆ.

ಅದಕ್ಕೆ ಅತ್ಯಂತ ಹಳೆಯ ಸಾಕ್ಷಿ ಸಿಗುವುದು ನಮ್ಮ ನಾಡಿನಲ್ಲಲ್ಲ, ಗ್ರೀಕ್ ಇತಿಹಾಸಕಾರ ಹೆರೊಡೊಟಸನಲ್ಲಿ. ಕ್ರಿಸ್ತಪೂರ್ವ ಐದನೆಯ ಶತಮಾನದವನಾದ ಆತ ಬ್ಯಾಬಿಲೋನಿನ ಗುಂಡುದೋಣಿಗಳನ್ನು ವರ್ಣಿಸಿದ್ದಾನೆ. ಅರ್ಮೇನಿಯದ ವರ್ತಕರು ಮರದ ಕಡ್ಡಿಗಳ ಚೌಕಟ್ಟಿಗೆ ತೊಗಲು ಹೊದಿಸಿ, ಸರಕು ತುಂಬಿ, ಜೊತೆಗೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಹೊಳೆಯಲ್ಲಿ ತೇಲಿ ಬರುತ್ತಿದ್ದರು. ಪ್ರವಾಹಕ್ಕೆ ಎದುರಾಗಿ ಹಿಂತಿರುಗುವುದು ಸಾಧ್ಯವಿಲ್ಲ. ಆದುದರಿಂದ ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಒಳಗೆ ಹಾಸಿದ ಹುಲ್ಲನ್ನೂ ಅಲ್ಲಿಯೇ ಮಾರಿಬಿಟ್ಟು, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಊರು ಸೇರುತ್ತಿದ್ದರು. ಹಳೆಯ ದೋಣಿಯ ವ್ಯಾಪಾರವೆಂದರೆ ಇದೇ ಅಲ್ಲವೆ? ಯಾವುದು ಅಗ್ಗ, ಯಾವುದು ತುಟ್ಟಿ, ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕೆಂಬ ಲೆಕ್ಕ.

1980ರ ದಶಕದ ಕೊನೆಯಲ್ಲಿ ನಾನು ಅಧ್ಯಾಪಕನಾಗಿ ಹೊಸದಾಗಿ ಸೇರಿಕೊಂಡಿದ್ದಾಗ, ದೇವದುರ್ಗದ ಕಡೆಯ ಹೊಳೆದಂಡೆಯಲ್ಲಿ ಒಬ್ಬ ವೃದ್ಧ ಅಂಬಿಗರು ಇದೇ ಲೆಕ್ಕವನ್ನು ಒಂದೇ ಮಾತಿನಲ್ಲಿ ಹೇಳಿದರು: "ಬುಟ್ಟಿ ಸತ್ತರೂ ತೊಗಲು ಸಾಯಂಗಿಲ್ರಿ ಸರ." ಅವರು ಹೆರೊಡೊಟಸನ ಹೆಸರು ಕೇಳಿದವರಲ್ಲ. ಅವರ ಎಳೆತನದಲ್ಲಿ ಹಳೆಯ ಹರಿಗೋಲಿಗೆ ಬೆಲೆ ಬರುತ್ತಿದ್ದುದು ತೊಗಲಿನಿಂದ. ಬಿದಿರಿನ ದಬ್ಬೆ ಎರಡು ಮಳೆಗಾಲ ಕಂಡ ಮೇಲೆ ತಳದಲ್ಲಿ ಕೊಳೆಯುತ್ತದೆ. ಎಮ್ಮೆಯ ತೊಗಲನ್ನು ಎಣ್ಣೆ ಹಚ್ಚಿ, ಬಳಸಿದ ಮೇಲೆ ಒಣಗಿಸಿ ಜೋಪಾನ ಮಾಡಿದರೆ ಇನ್ನೊಂದು ಬುಟ್ಟಿಗೂ ಆದೀತು. ಹೀಗಾಗಿ ಒಂದು ಹರಿಗೋಲಿನಲ್ಲಿ ಮೂರು ಮನೆಯವರ ಅನ್ನವಿತ್ತು: ಹೆಣೆಯುವ ಮೇದಾರರು, ತೊಗಲು ಹದಮಾಡಿ ಹೊಲಿಯುವ ಸಮಗಾರರು, ಹುಟ್ಟು ಹಾಕುವ ಅಂಬಿಗರು. ಊರಿನಲ್ಲಿ ಮೂವರೂ ಒಂದೇ ಕಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ದೋಣಿಯಲ್ಲಿ ಮಾತ್ರ ಮೂವರ ಕೈಗಳೂ ಕೂಡಿದ್ದವು.

ನಾನು ಕಣ್ಣಾರೆ ಕಂಡ ಹೊತ್ತಿಗೆ ತೊಗಲು ಹೋಗಿ ಡಾಂಬರು ಬಂದಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಹೊಲಗಳಿಗೆ ಹರಿದು, ಜೋಳದ ಸೀಮೆ ಭತ್ತದ ಸೀಮೆಯಾಯಿತು. ಭತ್ತದ ಹಿಂದೆ ಯೂರಿಯಾ ಬಂತು, ಯೂರಿಯಾದ ಹಿಂದೆ ಪ್ಲಾಸ್ಟಿಕ್ ಚೀಲ ಬಂತು. ಆ ಚೀಲಗಳನ್ನೇ ಬಿಚ್ಚಿ, ಹೊಲಿದು, ಬುಟ್ಟಿಯ ಮೈಗೆ ಹೊದಿಸಿ, ಕಾಯಿಸಿದ ಡಾಂಬರು ಬಳಿದರೆ ಹರಿಗೋಲು ಸಿದ್ಧ. ನೀರಾವರಿಯ ಚರಿತ್ರೆ ಬರೆಯುವವರು ಈ ಚೀಲದ ಪ್ರಯಾಣವನ್ನೂ ಒಂದು ಸಾಲಿನಲ್ಲಿ ಸೇರಿಸಬಹುದು. ಮೂರು ಮನೆಗಳಲ್ಲಿ ಒಂದು ಅಷ್ಟರಲ್ಲೇ ಕಳಚಿಕೊಂಡಿತ್ತು. ತೊಗಲಿನ ಕೆಲಸದ ಹೆಸರಿನಲ್ಲಿ ಅವರು ಉಂಡ ಅವಮಾನವನ್ನು ನೆನೆದರೆ, ಆ ಕಸುಬು ಹೋಯಿತೆಂದು ಮರುಗುವ ಅಧಿಕಾರ ನನ್ನಂಥವನಿಗಿಲ್ಲ. ಆದರೆ ಅದರ ಕೂಲಿಯೂ ಹೋಯಿತೆಂಬುದನ್ನು ಮರೆಯಲಾಗದು.

ಹಳೆಯದನ್ನು ಕೊಳ್ಳುವ ಕ್ರಮವನ್ನು ನೋಡುವುದೇ ಒಂದು ಪಾಠವಾಗಿತ್ತು. ಮೊದಲು ಮಗುಚಿಹಾಕಿ ಹೆಬ್ಬೆರಳಿನಿಂದ ತಳವನ್ನು ಒತ್ತಿ ನೋಡುವರು. ಮೆತ್ತಗಾದ ಕಡೆ ದಬ್ಬೆ ಕೊಳೆತಿದೆಯೆಂದರ್ಥ. ಬಾಯಂಚಿನ ಕಟ್ಟು ಸಡಿಲವಾಗಿದೆಯೇ ಎಂದು ಅಲ್ಲಾಡಿಸುವರು. ಕೊನೆಗೆ ಇಬ್ಬರು ಅದನ್ನು ತಲೆಯ ಮೇಲೆ ಎತ್ತಿ ಹಿಡಿದರೆ, ಮೂರನೆಯವನು ಕೆಳಗೆ ನಿಂತು ಬಿಸಿಲಿಗೆ ನೋಡುವನು. ಕಪ್ಪು ಆಕಾಶದಲ್ಲಿ ನಕ್ಷತ್ರಗಳಂತೆ ತೂತುಗಳು ಹೊಳೆಯುತ್ತವೆ. ಎಷ್ಟು ನಕ್ಷತ್ರವೋ ಅಷ್ಟು ಬೆಲೆ ಇಳಿಯಿತು. ಪುರಂದರದಾಸರು ಅಂಬಿಗನನ್ನು ಕರೆದು ಹಾಡುವಾಗ ದೇಹವನ್ನು ಒಂಬತ್ತು ತೂತುಗಳ ಹರಿಗೋಲಾಗಿ ಕಂಡರಷ್ಟೆ. ತರಗತಿಯಲ್ಲಿ ಅದನ್ನು ರೂಪಕವೆಂದು ಪಾಠ ಹೇಳುತ್ತಿದ್ದೆ. ಹೊಳೆಯ ದಂಡೆಯಲ್ಲಿ ಅದು ಚೌಕಾಶಿಯ ಮಾತು. ವಿಜಯದಾಸರು ಹುಟ್ಟಿದ ಚೀಕಲಪರ್ವಿಯಿರುವುದು ಮಾನ್ವಿಯ ಸೀಮೆಯಲ್ಲಿ, ತುಂಗಭದ್ರೆಯ ದಡದಲ್ಲಿ; ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ದಾಸರ ಹಾಡುಗಳ ಹೊಳೆ, ದೋಣಿ, ದಡಗಳೆಲ್ಲ ಬರಿಯ ವೇದಾಂತವಲ್ಲವೆಂದು ಈ ಸೀಮೆಯಲ್ಲಿ ಓಡಾಡಿದವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಇನ್ನೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಇದೇ ಹೊಳೆಯ ಮೇಲ್ದಂಡೆಯ ಅಂಬಿಗರ ಚೌಡಯ್ಯನಂತೂ ಸ್ವತಃ ಹುಟ್ಟು ಹಿಡಿದವನು.

ಕೊಂಡವನು ಹಳೆಯ ಡಾಂಬರನ್ನು ಕೆರೆದು ತೆಗೆದು, ಕೊಳೆತ ದಬ್ಬೆ ಎಳೆದು ಹೊಸದನ್ನು ಸೇರಿಸಿ, ತಳಕ್ಕೆ ಎರಡು ಪದರ ಚೀಲ ಹೊದಿಸಿ, ಮತ್ತೆ ಡಾಂಬರು ಬಳಿದು ಬಿಸಿಲಿಗಿಡುತ್ತಿದ್ದನು. ಹೀಗೆ ರಿಪೇರಿಯಾದುದನ್ನು ಬಲ್ಲವರು ಹೊಳೆಗೆ ಮಾರುತ್ತಿರಲಿಲ್ಲ. ಅದು ಕೆರೆಗೆ ಹೋಗುತ್ತಿತ್ತು. ನಿಂತ ನೀರು ಕ್ಷಮಿಸುತ್ತದೆ, ಹರಿಯುವ ನೀರು ಕ್ಷಮಿಸುವುದಿಲ್ಲ. ಕೆರೆಯ ಮೀನುಗಾರನ ಕೈಯಲ್ಲಿ ಇನ್ನೆರಡು ವರ್ಷ ಬಾಳಿ, ಆಮೇಲೆ ಯಾರದೋ ಅಂಗಳದಲ್ಲಿ ಮಗುಚಿಕೊಂಡು ಕುರಿಮರಿಗಳಿಗೆ ನೆರಳಾಗುತ್ತಿತ್ತು. ಕಾಗದವಿಲ್ಲದ, ರಸೀತಿಯಿಲ್ಲದ ಈ ವ್ಯಾಪಾರದಲ್ಲಿ ಇದ್ದ ಕಟ್ಟುಪಾಡೆಂದರೆ ಇದೊಂದೇ. ಅದನ್ನು ಮುರಿದರೆ ತೆರಬೇಕಾದದ್ದು ಹಣವಲ್ಲ. ಹೊಳೆಯಾದರೋ ಒಳ್ಳೆಯ ಹರಿಗೋಲನ್ನೂ ನುಂಗಬಲ್ಲುದು. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುರ್ದ, ಕುರ್ವಕುಲಗಳ ಜನರಿಗೆ ಹರಿಗೋಲೆಂಬುದು ವಿಹಾರವಲ್ಲ, ಸಂತೆಗೂ ಆಸ್ಪತ್ರೆಗೂ ಇರುವ ರಸ್ತೆ. 2020ರ ಆಗಸ್ಟಿನಲ್ಲಿ ಹೊಳೆ ತುಂಬಿದ್ದಾಗ ಕುರ್ವಕುಲದ ಬಳಿ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು.

ಎಂಜಿನ್ ಹಚ್ಚಬಾರದೇ ಎಂದು ಕೇಳುವವರುಂಟು. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರನ್ನು ಮಾರುಕಟ್ಟೆಗೆ ತಂದನು. ನಮ್ಮ ಕರಾವಳಿಯ ಸಣ್ಣ ದೋಣಿಗಳಿಗೆ ಅಂಥದ್ದು ಇಂದು ಮಾಮೂಲು. ಆದರೆ ಹಿಂಬದಿ ಎಂಬುದೊಂದಿದ್ದರೆ ತಾನೆ ಅದಕ್ಕೆ ತಗುಲಿಸುವುದು! ಹರಿಗೋಲಿಗೆ ಮುಂದೂ ಇಲ್ಲ ಹಿಂದೂ ಇಲ್ಲ. ಮೇಲಾಗಿ ಬೇಸಗೆಯ ಹೊಳೆಯಲ್ಲಿ ಬಂಡೆಗಳು ಪಂಖವನ್ನು ಉಳಿಸವು. 2009 ಮತ್ತು 2019ರ ಪ್ರವಾಹಗಳಲ್ಲಿ ಎಂಜಿನ್ನಿನ ರಬ್ಬರ್ ದೋಣಿಗಳು ಈ ಸೀಮೆಗೂ ಬಂದವು, ನೆರೆ ಇಳಿದೊಡನೆ ಹೊರಟುಹೋದವು.

ಬಂದು ನೆಲೆಸಿದ್ದು ಫೈಬರ್ ಹರಿಗೋಲು. ಮೀನುಗಾರಿಕೆ ಇಲಾಖೆಯ ಸಹಾಯಧನದಲ್ಲಿಯೂ ಅದು ಸಿಗುತ್ತದೆ. ಅದು ಹಗುರ, ಕೊಳೆಯುವುದಿಲ್ಲ, ಪ್ರತಿವರ್ಷ ಡಾಂಬರು ಕೇಳುವುದಿಲ್ಲ; ಹೊತ್ತು ತಿರುಗುವ ಮೀನುಗಾರನ ಹೆಗಲಿಗೆ ಅದು ವರವೇ ಸರಿ. ಅದರೊಡನೆ ಎರಡನೆಯ ಮನೆಯೂ ಕಳಚಿತು. ಮೇದಾರರ ಓಣಿಯಲ್ಲಿ ಈಗ ಮೊರ, ಬುಟ್ಟಿ, ಏಣಿ ಸಿಕ್ಕಾವು. ಹರಿಗೋಲು ಹೆಣೆಯುವ ಕೈ ಸಿಗುವುದು ದುರ್ಲಭ. ಫೈಬರ್ ಬಿರುಕು ಬಿಟ್ಟರೆ ಅದಕ್ಕೆ ಬೇಕಾದ ಅಂಟೂ ಗಾಜಿನ ನಾರಿನ ಬಟ್ಟೆಯೂ ಹೊಳೆದಂಡೆಯ ಅಂಗಡಿಯಲ್ಲಿ ದೊರೆಯುವುದಿಲ್ಲ.

ಹೋದ ವರ್ಷ ಮಾನ್ವಿಯ ಸಮೀಪದ ಒಂದು ಕೆರೆಯಲ್ಲಿ, ಹೊಳೆಯಿಂದ ಬಂದ ಅಂಥದೊಂದು ಹಳೆಯ ಫೈಬರ್ ಹರಿಗೋಲನ್ನು ಕಂಡೆ. ತಳದ ಬಿರುಕಿಗೆ ಚೀಲದ ತುಂಡು ಹಚ್ಚಿ ಮೇಲೆ ದಪ್ಪಗೆ ಡಾಂಬರು ಮೆತ್ತಿದ್ದರು. ನುಣುಪು ಮೈಗೆ ಇದು ಹಿಡಿಯುತ್ತದೆಯೇ ಎಂದು ಕೇಳಿದೆ. ಬಲೆ ಬಿಡಿಸುತ್ತಿದ್ದ ತರುಣ ತಲೆಯೆತ್ತದೆ ಹೇಳಿದ: "ಹಿಡಿತೈತ್ರಿ ಸರ, ಒಂದ್ ಮಳಿಗಾಲ ಹಿಡಿತೈತಿ. ಕೆರಿಗೆ ಅಷ್ಟ ಸಾಕ್ರಿ."