ಮನೆ ಬಾಡಿಗೆ ಮತ್ತು ಭೋಗ್ಯ: ತುಮಕೂರು, ಗುಬ್ಬಿ, ಕುಣಿಗಲ್‌ನ ಮನೆ ಮಾಲೀಕರು ತಿಳಿದಿರಬೇಕಾದ ವಿಷಯಗಳು

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ನ ಸಮಾಜ ಬಾಂಧವರಲ್ಲಿ ಕೆಳಗೆ ತಮ್ಮ ವಾಸ ಅಥವಾ ಅಂಗಡಿ, ಮೇಲೆ ಒಂದೆರಡು ಬಾಡಿಗೆ ಮನೆ ಇಟ್ಟುಕೊಂಡವರು ಹಲವರಿದ್ದಾರೆ. ವ್ಯಾಪಾರ ನಿಲ್ಲಿಸಿದ ಹಿರಿಯರಿಗೆ, ಪತಿಯನ್ನು ಕಳೆದುಕೊಂಡ ತಾಯಂದಿರಿಗೆ ಆ ಬಾಡಿಗೆಯೇ ತಿಂಗಳ ಆಧಾರ. ತುಮಕೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು, ವಸಂತನರಸಾಪುರದ ಕಾರ್ಖಾನೆ ನೌಕರರು, ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು ಮನೆ ಕೇಳುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಮನೆ ಕೇಳುವವರಿಗೆ ಕೊರತೆಯಿಲ್ಲ. ತೊಂದರೆ ಬರುವುದು ಹೆಚ್ಚಾಗಿ ಹಣ ವಾಪಸು ಕೊಡುವ ದಿನ.

ಮೊದಲು ಭೋಗ್ಯದ ವಿಷಯ. ನಮ್ಮ ಕಡೆ ಇದನ್ನು ಲೀಸ್ ಎಂದೂ ಕರೆಯುತ್ತಾರೆ. ತಿಂಗಳ ಬಾಡಿಗೆ ಇಲ್ಲ. ಒಂದು ದೊಡ್ಡ ಮೊತ್ತ ಪಡೆದು ಎರಡು ಮೂರು ವರ್ಷ ಮನೆ ಬಿಟ್ಟುಕೊಡುವುದು, ಅವಧಿ ಮುಗಿದಾಗ ಅಷ್ಟೂ ಹಣ ವಾಪಸು. ಬಡ್ಡಿಯ ಬದಲು ವಾಸ. ಇದು ಆದಾಯವಲ್ಲ, ಸಾಲ. ಲೆಕ್ಕ ಹಾಕಿ ನೋಡಬಹುದು: ತಿಂಗಳಿಗೆ 6,000 ರೂ. ಬಾಡಿಗೆ ಬರುವ ಮನೆಯನ್ನು 5 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ 72,000 ರೂ. ಬಿಟ್ಟುಕೊಟ್ಟಂತಾಯಿತು. ಅಂದರೆ 5 ಲಕ್ಷವನ್ನು ನೂರಕ್ಕೆ 14.40 ಬಡ್ಡಿಗೆ ತಂದ ಹಾಗೆ. ಅಂಗಡಿ ಬಂಡವಾಳಕ್ಕೆ ಈ ದರದಲ್ಲಿ ಸಾಲ ತೆಗೆಯಲು ಹತ್ತು ಸಲ ಯೋಚಿಸುವವರು ಮನೆ ವಿಷಯದಲ್ಲಿ ಯೋಚಿಸುವುದಿಲ್ಲ.

ಆ ಹಣ ಮಗಳ ಮದುವೆಗೋ ಮಹಡಿ ಕಟ್ಟುವುದಕ್ಕೋ ಖರ್ಚಾಗುತ್ತದೆ. ಅವಧಿ ಮುಗಿದಾಗ ಹೊಸಬರಿಂದ ತೆಗೆದುಕೊಂಡು ಹಳಬರಿಗೆ ಕೊಡುವುದು ರೂಢಿ. ಮನೆ ಸೋರಲು ಶುರುವಾಗಿ ಹೊಸಬರು ಬಾರದಿದ್ದರೆ ಅಥವಾ ಯಜಮಾನರು ತೀರಿಕೊಂಡು ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಬಂದರೆ ಈ ಸರಪಣಿ ಕಡಿಯುತ್ತದೆ. ಮನೆ ಪಡೆದ ಮಗ ಭೋಗ್ಯದ ಸಾಲವನ್ನೂ ಪಡೆಯುತ್ತಾನೆ. ಆದ್ದರಿಂದ ಭೋಗ್ಯದ ಹಣವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಲು ಆಗದವರು ಭೋಗ್ಯಕ್ಕೆ ಕೊಡದಿರುವುದೇ ಮೇಲು. ಬಾಡಿಗೆಯ ಮುಂಗಡಕ್ಕೂ ಇದೇ ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ, ಕೂಟಲೇಖಕ್ರಿಯೆಯೂ ಸೇರಿವೆ. ಒಬ್ಬರು ನಂಬಿ ಇಟ್ಟ ಹಣವನ್ನು ಹಿಡಿದಿಟ್ಟುಕೊಳ್ಳುವುದು ಒಂದು, ಸುಳ್ಳು ಪತ್ರ ಬರೆಯುವುದು ಇನ್ನೊಂದು. ಮನೆಯ ಮೇಲೆ ಬ್ಯಾಂಕ್ ಸಾಲ ಇರುವುದನ್ನು ಮುಚ್ಚಿಟ್ಟು ಭೋಗ್ಯಕ್ಕೆ ಕೊಡುವವರು ಇದನ್ನು ನೆನೆಯಬೇಕು.

ಪತ್ರದ ಒಕ್ಕಣೆ ನೋಡಿ ನ್ಯಾಯಾಲಯ ಭೋಗ್ಯವನ್ನು ಅಡಮಾನವೆಂದು ಪರಿಗಣಿಸಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 100 ರೂ. ಮೀರಿದ ಇಂಥ ಅಡಮಾನ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಣಿಯಾಗಬೇಕು. ಹಣವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಪಡೆಯಬೇಕು, ಬ್ಯಾಂಕ್ ಮೂಲಕವೇ ಹಿಂದಿರುಗಿಸಬೇಕು. 20,000 ರೂ. ಅಥವಾ ಅದಕ್ಕೆ ಮೇಲ್ಪಟ್ಟ ಸಾಲ, ಠೇವಣಿಯನ್ನು ನಗದಾಗಿ ತೆಗೆದುಕೊಂಡರೆ ಆದಾಯ ತೆರಿಗೆ ಕಾಯ್ದೆಯಲ್ಲಿ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ಇನ್ನು ತಿಂಗಳ ಬಾಡಿಗೆ. 11 ತಿಂಗಳ ಕರಾರು ಏಕೆ ಎಂದು ಅನೇಕರು ಕೇಳುತ್ತಾರೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಅದಕ್ಕೆ. ಆದರೆ 11 ತಿಂಗಳಾದ ಮೇಲೆ ಹೊಸ ಕರಾರು ಬರೆಯದೆ ಐದಾರು ವರ್ಷ ಬಾಡಿಗೆ ಪಡೆಯುತ್ತಾ ಹೋಗುವವರೇ ಹೆಚ್ಚು. ನಮ್ಮವರೇ ಬಾಡಿಗೆಗೆ ಬಂದರಂತೂ ಕಾಗದವೇ ಇರುವುದಿಲ್ಲ. ಬಸದಿಯಲ್ಲಿ ದಿನವೂ ನೋಡುವ ಮುಖ, ಹೇಗೆ ಕೇಳುವುದು ಎಂಬ ಸಂಕೋಚ. ಮುಂಗಡ ಎಷ್ಟು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುವುದು, ನೀರಿನ ಬಿಲ್ಲು ಯಾರದು, ವರ್ಷಕ್ಕೆ ಎಷ್ಟು ಏರಿಕೆ, ಬಿಡುವ ಮುನ್ನ ಎಷ್ಟು ತಿಂಗಳು ತಿಳಿಸಬೇಕು ಇವಿಷ್ಟೂ ಬರಹದಲ್ಲಿರಲಿ. ಛಾಪಾ ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಬೀಳುತ್ತದೆ. ಮನೆಯಲ್ಲಿ ಮಾಂಸ ಬೇಯಿಸಬಾರದೆಂಬ ಷರತ್ತು ಇದ್ದರೆ ಮುಂಗಡ ಮುಟ್ಟುವ ಮೊದಲೇ ಸ್ಪಷ್ಟವಾಗಿ ಹೇಳಬೇಕು. ಹಣ ಪಡೆದು, ಸಾಮಾನು ಇಳಿಸಿದ ಮೇಲೆ ಹೇಳುವುದು ಸರಿಯಲ್ಲ.

ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆರ್‌ಆರ್ ಸಂಖ್ಯೆ ಕೊಡಲು ಸತಾಯಿಸಬೇಕಾಗಿಲ್ಲ. ಮನೆ ಬಿಡುವಾಗ ಅವರ ಆಧಾರ್ ಜೋಡಣೆ ತೆಗೆಸಿದರೆ ಸಾಕು.

1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂ., ಉಳಿದೆಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಇಂದಿನ ಹೆಚ್ಚಿನ ಮನೆಗಳಿಗೆ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ತಿಂಗಳ ಬಾಡಿಗೆ ಕೊನೆಗೊಳಿಸಲು, ಕರಾರಿನಲ್ಲಿ ಬೇರೆ ಅವಧಿ ಬರೆಯದಿದ್ದರೆ, 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಮುಂಗಡ ಎರಡು ತಿಂಗಳಿಗೆ ಮೀರಬಾರದೆಂದು ವಾಟ್ಸಾಪ್‌ನಲ್ಲಿ ಓಡಾಡುವ ಸುದ್ದಿ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯದು. ಮಾದರಿ ಎಂದರೆ ರಾಜ್ಯ ಅಳವಡಿಸಿಕೊಂಡರೆ ಮಾತ್ರ ಕಾನೂನು.

ನೋಟಿಸಿನ ಅವಧಿ ಮುಗಿದರೂ ಅವರು ಬಿಡದಿದ್ದರೆ ನ್ಯಾಯಾಲಯವೇ ದಾರಿ. ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಫ್ಯೂಸ್ ಕೀಳುವುದು ಬೇಡ. ಬಲವಂತವಾಗಿ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆಗ ಮನೆ ಯಾರದು ಎಂಬ ಪ್ರಶ್ನೆಯನ್ನೂ ಅಲ್ಲಿ ನೋಡುವುದಿಲ್ಲ. ಬಾಕಿ ಬಾಡಿಗೆ ಮುಂಗಡವನ್ನು ನುಂಗುವ ಮೊದಲೇ, ಎರಡನೆಯ ತಿಂಗಳಲ್ಲೇ ನೋಟಿಸು ಕೊಟ್ಟರೆ ಮಾತುಕತೆಗೆ ಜಾಗವಿರುತ್ತದೆ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರುವ ತಾಯಂದಿರು ಗಮನಿಸಬೇಕು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಗುಬ್ಬಿ ಮತ್ತು ಕುಣಿಗಲ್‌ನಲ್ಲಿ ನ್ಯಾಯಾಲಯದ ಆವರಣದ ತಾಲ್ಲೂಕು ಸಮಿತಿಯನ್ನು ಕೇಳಬೇಕು. ಸಹಾಯವಾಣಿ 15100. ಹೋಗುವಾಗ ಕರಾರು ಪತ್ರ, ಬಾಡಿಗೆ ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಮತ್ತು ಮನೆ ಕಂದಾಯದ ರಸೀದಿ ಜೊತೆಗಿರಲಿ.