ದೇಶದಿಂದ ಹೋಬಳಿಗೆ: ಹವಾಮಾನ ಮುನ್ಸೂಚನೆ ನಡೆದುಬಂದ ದಾರಿ

ನಮ್ಮ ರೈತರು ಈಗಲೂ ಮಳೆ ನಕ್ಷತ್ರಗಳ ಲೆಕ್ಕ ಹಾಕುತ್ತಾರೆ. ಭರಣಿ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು–ಹದಿನಾಲ್ಕು ದಿನಕ್ಕೊಂದು ಮಳೆ. ಯಾವ ಮಳೆಗೆ ಯಾವ ಬಿತ್ತನೆ ಎಂಬುದು ತಲೆತಲಾಂತರದ ಅನುಭವ. ಹಂಗಾಮಿನ ಸಾಮಾನ್ಯ ನಡೆಯನ್ನು ಈ ಲೆಕ್ಕ ಹೇಳೀತು. ಇವತ್ತು ಸಂಜೆ ಸಿಡಿಲು ಬಡಿಯುತ್ತದೆಯೇ, ನಾಳೆ ಕಡಲು ಕೆರಳುತ್ತದೆಯೇ ಎಂಬುದನ್ನು ಹೇಳಲಾರದು. ಆ ಉತ್ತರ ಹುಡುಕಿ ಹೊರಟ ವಿಜ್ಞಾನಕ್ಕೆ ನಮ್ಮ ದೇಶದಲ್ಲಿ ಒಂದೂವರೆ ಶತಮಾನದ ಚರಿತ್ರೆಯಿದೆ.

ಅದನ್ನು ಹುಟ್ಟುಹಾಕಿದ್ದು ಅನಾಹುತಗಳು. 1864ರಲ್ಲಿ ಚಂಡಮಾರುತ ಕಲ್ಕತ್ತಾವನ್ನು ನೆಲಕ್ಕೊರಗಿಸಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಆರಂಭವಾಯಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಹಿಡಿದು 1880ರ ದಶಕದಲ್ಲಿ ಮಳೆಯ ಮುನ್ಸೂಚನೆ ಕೊಟ್ಟರು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಅವರ ಕಣ್ಣು ಇನ್ನೂ ದೂರ ಹಾಯಿತು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರ ಏರಿಳಿಯುವ ಕ್ರಮವನ್ನು ಅವರು ಗುರುತಿಸಿದರು. ಇಂದು ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ವಿದ್ಯಮಾನದ ಕುರಿತು ನಡೆಯುವ ಚರ್ಚೆಗಳಿಗೆಲ್ಲ ಅದು ತಳಹದಿ.

ಆದರೆ ಆ ಮುನ್ಸೂಚನೆಗಳು ವಿಶಾಲ ಪ್ರದೇಶಗಳಿಗೆ ಸಂಬಂಧಿಸಿದವು. ಹಳ್ಳಿಯ ರೈತನಿಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ. ಮುಂದೆ ದೇಶವನ್ನು 36 ಹವಾಮಾನ ಉಪವಿಭಾಗಗಳಾಗಿ ವಿಂಗಡಿಸಿದಾಗ ಕರ್ನಾಟಕಕ್ಕೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಭಾಗಗಳು ಸಿಕ್ಕವು. ಆಕಾಶವಾಣಿಯ ಪ್ರದೇಶ ಸಮಾಚಾರದಲ್ಲಿ ಇವುಗಳ ಹೆಸರು ಮನೆಮಾತಾಯಿತು. ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂದು ವಾರ್ತೆಯಲ್ಲಿ ಕೇಳುವ ಮಾತುಗಳು ಸುಮ್ಮನೆ ಹೇಳಿದವಲ್ಲ. ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಪಾಲಿನವರೆಗೆ ಮಳೆ ಕಂಡರೆ ಒಂದೆರಡು ಕಡೆ, ಅರ್ಧದವರೆಗೆ ಕೆಲವೆಡೆ, ಮುಕ್ಕಾಲಿನವರೆಗೆ ಹಲವೆಡೆ, ಅದಕ್ಕೂ ಮೀರಿದರೆ ಬಹುತೇಕ ಕಡೆ.

ತೀವ್ರ ಹವಾಮಾನದ ಎಚ್ಚರಿಕೆಗೆ ಬಲ ಬಂದದ್ದು ಉಪಗ್ರಹಗಳಿಂದ. 1983ರಲ್ಲಿ ಹಾರಿದ ಇನ್ಸಾಟ್–1ಬಿ ಮೋಡಗಳ ಚಿತ್ರಗಳನ್ನು ಬಿಡದೆ ಕಳಿಸತೊಡಗಿತು. 1988ರಲ್ಲಿ ಸೂಪರ್ ಕಂಪ್ಯೂಟರ್ ನೆಚ್ಚಿಕೊಂಡ ರಾಷ್ಟ್ರೀಯ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಶುರುವಾಯಿತು. 2002ರಲ್ಲಿ ಚೆನ್ನೈಗೆ ಮಳೆಮೋಡಗಳ ಚಲನೆ ಅಳೆಯುವ ಡಾಪ್ಲರ್ ರಾಡಾರ್ ಬಂತು. ಇವೆಲ್ಲದರ ಫಲ ಒಡಿಶಾದಲ್ಲಿ ಕಣ್ಣಿಗೆ ಕಟ್ಟುವಂತಿದೆ. 1999ರ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸುವ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ಸುರಕ್ಷಿತ ಜಾಗಗಳಿಗೆ ಸಾಗಿಸಲಾಗಿತ್ತು. ಸಾವುಗಳು ನೂರನ್ನೂ ಮುಟ್ಟಲಿಲ್ಲ. ಮುನ್ಸೂಚನೆಯ ಜೊತೆಗೆ ಆಶ್ರಯತಾಣ, ಸಾರಿಗೆ, ಸ್ವಯಂಸೇವಕರು ಎಲ್ಲವೂ ಸಿದ್ಧವಿದ್ದುದೇ ಇದಕ್ಕೆ ಕಾರಣ. 2017ರ ಓಖಿ ಚಂಡಮಾರುತ ಇನ್ನೊಂದು ಪಾಠ ಕಲಿಸಿತು. ಕನ್ಯಾಕುಮಾರಿಯ ಬಳಿ ಅದು ಏಕಾಏಕಿ ಬಲಗೊಂಡಾಗ ಎಷ್ಟೋ ಮೀನುಗಾರರು ಆಗಲೇ ಆಳ ಕಡಲಲ್ಲಿದ್ದರು. ದಡದಿಂದ ಅವರಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ.

ಪ್ರಾದೇಶಿಕ ಮಟ್ಟದಲ್ಲಿ ಕರ್ನಾಟಕದ ಸಾಧನೆ ಹೆಮ್ಮೆಪಡುವಂಥದ್ದು. 1988ರಲ್ಲಿ ಬರ ನಿರ್ವಹಣೆಗಾಗಿ ಹುಟ್ಟಿದ ಸಣ್ಣ ಘಟಕ ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆಯಿತು. ಹೋಬಳಿಗಳಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳು, ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳು ಬಂದವು. ಅವುಗಳ ಮಾಹಿತಿ ದಿನವಿಡೀ ಬೆಂಗಳೂರಿಗೆ ತಾನಾಗಿ ಬರುತ್ತದೆ. ರೈತ ಫೋನ್ ಮಾಡಿ ತನ್ನ ಹೋಬಳಿಯ ಮಳೆ ವಿಚಾರಿಸಲು ‘ವರುಣ ಮಿತ್ರ’ ಸಹಾಯವಾಣಿ, ಸಿಡಿಲಿನ ಸೂಚನೆಗೆ ‘ಸಿಡಿಲು’ ಆ್ಯಪ್, ರಾಜಧಾನಿಯ ಮಳೆ–ನೆರೆಗೆ ‘ಬೆಂಗಳೂರು ಮೇಘ ಸಂದೇಶ’ ಇವೆ.

ಇಷ್ಟಾದರೂ ಮಿತಿಗಳಿವೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಒಂದೆರಡು ಗಂಟೆಯಲ್ಲಿ ಹುಟ್ಟಿ, ಸುರಿದು, ಕರಗಿಹೋಗುತ್ತದೆ. ಅದು ಇಂಥ ಊರಿನ ಮೇಲೆಯೇ ಬರುತ್ತದೆಂದು ಹಿಂದಿನ ದಿನವೇ ಹೇಳುವುದು ಇವತ್ತಿಗೂ ಕಷ್ಟ. ಘಟ್ಟದ ಮಾತು ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ವಾರಗಟ್ಟಲೆ ನೀರು ಕುಡಿದ ಮಣ್ಣು ಆಗಲೇ ಸಡಿಲಾಗಿತ್ತು. ನಾಳೆ ಎಷ್ಟು ಮಳೆ ಎಂಬುದರ ಜೊತೆಗೆ ಇದುವರೆಗೆ ಎಷ್ಟು ಸುರಿದಿದೆ, ಇಳಿಜಾರು ಹೇಗಿದೆ, ಅಲ್ಲಿ ಯಾರ ಮನೆಗಳಿವೆ ಎಂಬುದೂ ಸೇರಿದರೆ ಮಾತ್ರ ಅಲ್ಲಿ ಎಚ್ಚರಿಕೆ ಪೂರ್ಣವಾಗುತ್ತದೆ.

ಹವಾಮಾನ ಇಲಾಖೆಯ ಬಣ್ಣದ ಸಂಕೇತಗಳು ಈ ದಿಕ್ಕಿನ ಹೆಜ್ಜೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 204.4 ಮಿ.ಮೀ. ಮೀರಿದ ಮಳೆಯನ್ನು ಇಲಾಖೆ ‘ಅತ್ಯಂತ ಭಾರಿ’ ಎನ್ನುತ್ತದೆ. ಕೆಂಪು ಎಚ್ಚರಿಕೆ ಸಾಮಾನ್ಯವಾಗಿ ಅಂಥ ಮಳೆಗೆ. ಕರಾವಳಿಯಲ್ಲಿ ಮಾತ್ರ ‘ರೆಡ್ ಅಲರ್ಟ್’ ಎಂದರೆ ಶಾಲೆಗೆ ರಜೆ ಎಂಬಷ್ಟಕ್ಕೆ ಬಹಳ ಮಂದಿಯ ಗಮನ ನಿಂತುಹೋಗುತ್ತದೆ. ಹೊಳೆ ದಾಟುವವರು, ಗುಡ್ಡದ ಬುಡದಲ್ಲಿ ಮನೆ ಇರುವವರು ಆ ದಿನ ಏನು ಮಾಡಬೇಕೆಂಬುದು ಸುದ್ದಿಯಾಗುವುದು ಕಡಿಮೆ.

ಮುನ್ಸೂಚನೆ ದೇಶದಿಂದ ಹೋಬಳಿಗೆ ಇಳಿದಿದೆ. ಹೋಬಳಿಯಿಂದ ಹೊಲಕ್ಕೆ, ದೋಣಿಗೆ, ಕುರಿಹಟ್ಟಿಗೆ ಇಳಿಸುವುದು ವಿಜ್ಞಾನಿಗಳ ಕೆಲಸ ಮಾತ್ರವಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಕುರಿಗಾಹಿಗೆ ಆ್ಯಪ್‌ನಿಂದ ಉಪಯೋಗವಿಲ್ಲ. ಆತನಿಗೆ ಪಂಚಾಯಿತಿಯ ಮೈಕು, ಆಶಾ ಕಾರ್ಯಕರ್ತೆಯ ಮಾತು ಬೇಕು. ಪ್ರತಿ ಪಂಚಾಯಿತಿಯೂ ಎಚ್ಚರಿಕೆ ಬಂದ ಕೂಡಲೇ ಯಾರು ಯಾರಿಗೆ ತಿಳಿಸಬೇಕು, ಜನ ಎಲ್ಲಿಗೆ ಹೋಗಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ಬರೆದಿಡಲಿ. ಓದುಗರೂ ಒಂದು ಮಾತು ನೆನಪಿಡಿ: ಗುಡುಗು ಕೇಳಿಸಿತೆಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲೇ ಇದೆ. ಮರದಡಿ ನಿಲ್ಲಬೇಡಿ, ಗಟ್ಟಿ ಮನೆಯೊಳಗೆ ಸೇರಿಕೊಳ್ಳಿ, ಹೊಲದಲ್ಲಿರುವವರನ್ನೂ ಕೂಗಿ ಕರೆಯಿರಿ.