ಅಹ್ಮದ್ ಖಾನ್

ಅಹ್ಮದ್ ಖಾನ್ (1926–2017): ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದ ಬೆಂಗಳೂರಿನ ಫುಟ್‌ಬಾಲ್ ಆಟಗಾರ. ಮುಂಚೂಣಿಯ ಎಡಭಾಗದಲ್ಲಿ, ಇನ್‌ಸೈಡ್ ಲೆಫ್ಟ್ ಸ್ಥಾನದಲ್ಲಿ ಆಡುತ್ತಿದ್ದರು. ಚೆಂಡಿನ ಮೇಲಿನ ಅಪೂರ್ವ ಹಿಡಿತದಿಂದಾಗಿ ಅಭಿಮಾನಿಗಳು ಅವರನ್ನು ‘ಹಾವಾಡಿಗ’ ಎಂದು ಕರೆಯುತ್ತಿದ್ದರು.

ಬೆಂಗಳೂರಿನಲ್ಲಿ ಆಟ ಕಲಿತ ಅವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆಯಾದರು. ಟಿ. ಆವೊ ನಾಯಕತ್ವದ ಆ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಅವಕಾಶಗಳನ್ನು ಕಳೆದುಕೊಂಡ ಭಾರತ, ಕೊನೆಯ ನಿಮಿಷಗಳ ಗೋಲಿನಿಂದ ಫ್ರಾನ್ಸ್‌ಗೆ 1–2ರಲ್ಲಿ ಸೋತಿತು. ಆದರೂ ಬರಿಗಾಲ ಆಟಗಾರರ ಚಳಕ ಇಂಗ್ಲೆಂಡಿನ ಪ್ರೇಕ್ಷಕರ ಮನಗೆದ್ದಿತು.

1949ರಲ್ಲಿ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ ಅವರಿದ್ದ ಮುಂಚೂಣಿ ಪಡೆ ‘ಪಂಚಪಾಂಡವರು’ ಎಂದೇ ಹೆಸರಾಯಿತು. ಇವರ ಬಲದಿಂದ ಕ್ಲಬ್ 1949ರಿಂದ 1951ರವರೆಗೆ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು. 1951 ಮತ್ತು 1952ರಲ್ಲಿ ಡುರಾಂಡ್ ಕಪ್ ಕೂಡ ಅದರ ಪಾಲಾಯಿತು.

1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅಹ್ಮದ್ ಇದ್ದರು. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ಸೋತಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 1–10ರಿಂದ ಸೋತಾಗ ತಂಡದ ಆ ಒಂದು ಗೋಲು ಅಹ್ಮದ್ ಅವರದು. ಚಳಿಯಲ್ಲಿ ಬರಿಗಾಲಲ್ಲಿ ಆಡಿ ಕಂಡ ಈ ಸೋಲಿನ ಬಳಿಕ ಭಾರತೀಯ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಸುಮಾರು ಒಂದು ದಶಕ ಈಸ್ಟ್ ಬೆಂಗಾಲ್ ಪರ ಆಡಿದ ಅವರು 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.